ಏರಿನಲ್ಲಿ ಇಳಿಯಲಾಗದವರು

ನಾನು ಕೈ ತೆಗೆದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನಲ್ಲಿ ಈಗ ಬೇರೆಯೇ ಕತೆ ಓಡಾಡುತ್ತಿದೆ. ಟೀಚರ್ ಒಬ್ಬರೇ, ಅಂದರೆ ನಾನು, ಜೀಪನ್ನು ತಡೆದು ನಿಲ್ಲಿಸಿದರಂತೆ, ಇಲ್ಲದಿದ್ದರೆ ಪಕ್ಕದ ಮನೆಯ ಅಕ್ಕ ಕೆಳಗೆ ನೀರು ಹರಿಯುವ ತೋಡಿಗೆ ಬೀಳುತ್ತಿದ್ದರಂತೆ. ಹಾಗೆ ಏನೂ ಆಗಲಿಲ್ಲ. ಜೀಪನ್ನು ನಿಲ್ಲಿಸಿದ್ದು ಒಂದು ಗೇರು ಮರ. ಅದನ್ನು ಅಲ್ಲಿ ಯಾರೂ ಬೇಕೆಂದು ನೆಟ್ಟದ್ದಲ್ಲ.

ನಮ್ಮ ಊರು ಬಾಯಾರಿನಿಂದ ಒಳಗೆ, ಗುಡ್ಡೆಯ ಆಚೆ ಬದಿಯ ತಗ್ಗಿನಲ್ಲಿದೆ. ಐವತ್ತರ ಆಸುಪಾಸು ಮನೆಗಳು, ಒಂದು ಅಂಗನವಾಡಿ, ಒಂದು ಅಂಗಡಿ. ಹೊರಗೆ ಹೋಗಲು ಇರುವುದು ಒಂದೇ ದಾರಿ. ಗುಡ್ಡೆ ಹತ್ತಬೇಕು, ಮೇಲೆ ಸ್ವಲ್ಪ ದೂರ ಹೋದರೆ ಮುಖ್ಯ ರಸ್ತೆ ಸಿಗುತ್ತದೆ, ಅಲ್ಲಿಂದ ಏಳೂವರೆಗೆ ಪೇಟೆಗೆ ಬಸ್ಸು. ಹಿಂದೆ ಇನ್ನೊಂದು ಬಸ್ಸು ಊರಿನ ಅಂಗಡಿಯ ಎದುರಿಗೇ ಬರುತ್ತಿತ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಈಗ ಬರುವುದಿಲ್ಲ. ಬಸ್ಸು ನಿಂತ ಮೇಲೆ ದಾರಿಯ ಡಾಮರು ಎದ್ದುಹೋಯಿತು. ಪಂಚಾಯತಿನಲ್ಲಿ ಕೇಳಿದರೆ, ಬಸ್ಸು ಓಡದ ದಾರಿಗಿಂತ ಮೊದಲು ಮಾಡಲಿಕ್ಕೆ ಬೇರೆ ದಾರಿಗಳು ಉಂಟು ಎಂದರು.

ಹಾಗಾಗಿ ಜೀಪು. ಅದರ ಡ್ರೈವರನ್ನು ಎಲ್ಲರೂ ಕಾಕ ಎನ್ನುತ್ತೇವೆ. ದುಬೈಯಲ್ಲಿ ಬಹಳ ವರ್ಷ ಲಾರಿ ಓಡಿಸಿ, ಮೊಣಕಾಲು ನೋವು ಶುರುವಾದ ಮೇಲೆ ಊರಿಗೆ ಬಂದವರು. ಅವರ ಜೀಪು ವಯಸ್ಸಿನಲ್ಲಿ ಅವರಿಗಿಂತ ಸ್ವಲ್ಪವೇ ಸಣ್ಣದು ಎಂದು ನಾವು ನಗಾಡುವುದುಂಟು. ಎಂಟು ಜನ ಕೂರುವಲ್ಲಿ ಹದಿನಾಲ್ಕು ಜನ ಕೂರುತ್ತೇವೆ. ಏರಿನ ಬುಡಕ್ಕೆ ಬಂದಾಗ ಕಾಕ ಜೀಪು ನಿಲ್ಲಿಸಿ, ಹಿಂದೆ ತಿರುಗದೆಯೇ, "ಆಯ್ತು, ಕಾಲು ಇದ್ದವರೆಲ್ಲ ಇಳಿಯಿರಿ" ಎನ್ನುತ್ತಾರೆ. ಎಲ್ಲರೂ ಇಳಿದು ನಡೆದುಕೊಂಡು ಏರು ಹತ್ತುತ್ತೇವೆ. ಜೀಪು ಖಾಲಿಯಾಗಿ ಹತ್ತುತ್ತದೆ. ಮೇಲೆ ಪುನಃ ಜೀಪಿಗೆ ಹತ್ತಿ ಬಸ್ಸಿನವರೆಗೆ ಹೋಗುತ್ತೇವೆ.

ಏರಿನಲ್ಲಿ ಗಿಯರ್ ಬದಲಿಸುವಾಗ ಆ ಹಳೆಯ ಜೀಪಿಗೆ ಬ್ರೇಕೊಂದೇ ಸಾಲುವುದಿಲ್ಲ, ಅದಕ್ಕೊಂದು ಕ್ರಮ ಇದೆ. ಡ್ರೈವರ್ ಸೀಟಿನ ಅಡಿಯಲ್ಲಿ ಹಲಸಿನ ಮರದ ಒಂದು ತುಂಡು ಇರುತ್ತದೆ, ಒಂದು ಕಡೆ ಓರೆಯಾಗಿ ಕೆತ್ತಿದ್ದು. ಜೀಪಿಗೆ ಕೊನೆಗೆ ಹತ್ತಿದವರು ಯಾರೋ, ಅವರು ಆ ತುಂಡು ಹಿಡಿದುಕೊಂಡು ಎಡಗಡೆಯ ಹಿಂಚಕ್ರದ ಪಕ್ಕದಲ್ಲಿ ನಡೆಯಬೇಕು. ಕಾಕ "ಮರ!" ಎಂದು ಕೂಗಿದ ಕೂಡಲೇ ಬಗ್ಗಿ ಚಕ್ರದ ಹಿಂದೆ ಇಡಬೇಕು, ಅವರು ಗಿಯರ್ ಬದಲಿಸಿ ಜೀಪು ಮುಂದಕ್ಕೆ ಹೋದ ಮೇಲೆ ತೆಗೆಯಬೇಕು. ತಡವಾಗಿ ಬಂದದ್ದಕ್ಕೆ ಶಿಕ್ಷೆ ಎಂದು ಅದು ಶುರುವಾದದ್ದು. ಈಗ ಯಾರಿಗೂ ಅದರಲ್ಲಿ ವಿಶೇಷ ಕಾಣುವುದಿಲ್ಲ. ಪಿಎಚ್‌ಡಿ ಮಾಡುವ ಹುಡುಗಿಯೂ ಹಿಡಿದಿದ್ದಾಳೆ, ಅಡುಗೆಯ ಭಟ್ಟರೂ ಹಿಡಿದಿದ್ದಾರೆ. ಹೊರಗಿನಿಂದ ಬಂದ ನೆಂಟರು ಅದನ್ನು ನೋಡಿ ನಕ್ಕರೆ ನಾವೂ ನಗುತ್ತಿದ್ದೆವು. ಈಗ ನೆನೆದರೆ ಆ ನಗುವಿನ ಮೇಲೇ ನನಗೆ ಸಿಟ್ಟು ಬರುತ್ತದೆ.

ನಡೆಯಲು ಆಗದ ಬೇರೆಯವರು ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಏರಿನಲ್ಲಿ ಇಳಿಯದೆ ಕೂತಿರುವವರು ಒಬ್ಬರೇ, ನಮ್ಮ ಪಕ್ಕದ ಮನೆಯ ಅಕ್ಕ. ವಯಸ್ಸಿನಲ್ಲಿ ನನ್ನ ತಾಯಿಗಿಂತ ಸ್ವಲ್ಪ ಚಿಕ್ಕವರು, ಆದರೆ ಊರಿಗೆಲ್ಲ ಅಕ್ಕ. ಮೂವತ್ತು ವರ್ಷ ಬೀಡಿ ಕಟ್ಟಿದವರು. ಕಿಡ್ನಿ ಕೆಲಸ ಬಿಟ್ಟಿದೆ. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಬೆಳಗಿನ ಸರದಿ. ಒಂದು ಸಲ ತಪ್ಪಿದರೆ ಕಾಲು ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಎರಡು ಸಲ ತಪ್ಪಿದರೆ ಏನಾಗುತ್ತದೆ ಎಂದು ಡಾಕ್ಟರು ಅವರಿಗೆ ಹೇಳಿದ್ದಾರೆ. ಅವರು ನಮಗೆ ಹೇಳಿದ್ದಾರೆ, ನಗುತ್ತಲೇ.

ಆ ಮಂಗಳವಾರ ನಾನು ಕೊನೆಗೆ ಹತ್ತಿದೆ. ಹಿಂದಿನ ಸಂಜೆ ತಿದ್ದಿದ ಮಕ್ಕಳ ಉತ್ತರ ಪತ್ರಿಕೆಗಳ ಕಟ್ಟನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ, ಅದನ್ನು ತರಲು ವಾಪಸು ಓಡಿದ್ದೆ.

"ಟೀಚರೇ, ಮರ ನಿಮಗೆ" ಎಂದರು ಕಾಕ.

"ಮಕ್ಕಳಿಗೆ ತಡವಾದರೆ ಬೆಂಚಿನ ಮೇಲೆ ನಿಲ್ಲಿಸ್ತೀರಲ್ಲ, ಈಗ ಗೊತ್ತಾಗ್ತದೆ" ಎಂದರು ಅಕ್ಕ.

"ನಾನು ಯಾರನ್ನೂ ನಿಲ್ಲಿಸುವುದಿಲ್ಲಪ್ಪ."

"ನಿಲ್ಲಿಸ್ಬೇಕು ಮಾರಾಯ್ತಿ, ಇಲ್ಲದಿದ್ರೆ ಅವು ಕಲಿಯುವುದೆಂತ?"

ಏರಿನಲ್ಲಿ ಎರಡನೆಯ ತಿರುವು ಕೆಟ್ಟದ್ದು. ಬಲಗಡೆ ಗೋಡೆಯ ಹಾಗೆ ಗುಡ್ಡೆ ಕಡಿದ ದರೆ, ಎಡಗಡೆ ಇಳಿಜಾರು, ಕೆಳಗೆ ತೋಡು. ಡಾಮರು ಹೋಗಿ ಜಲ್ಲಿ ಮಾತ್ರ ಉಳಿದಿದೆ. ಉಳಿದವರು ಮುಂದೆ ಹೋಗಿದ್ದರು. ಜೀಪಿನ ಹಿಂದೆ ನಾನೊಬ್ಬಳೇ. ಜೀಪಿನ ಹಿಂಬದಿ ತೆರೆದಿರುತ್ತದೆ, ಅಕ್ಕ ಅಡ್ಡ ಸೀಟಿನಲ್ಲಿ ಕೂತು ಕಂಬಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಎಂಜಿನ್ ಒಮ್ಮೆ ಕೆಮ್ಮಿತು. ಕಾಕ ಮೊದಲ ಗಿಯರಿಗೆ ಹಾಕಲು ನೋಡಿದರು, ಗಿಯರ್ ಬೀಳಲಿಲ್ಲ. ಎಂಜಿನ್ ಆರಿತು.

"ಮರ!"

ನಾನು ಬಗ್ಗಿ ಇಟ್ಟೆ. ಸರಿಯಾಗಿಯೇ ಇಟ್ಟೆ. ಇದನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಚಕ್ರ ಬಂದು ಮರವನ್ನು ಒತ್ತಿತು. ಮರ ಜಲ್ಲಿಯ ಮೇಲೆ ಜಾರಿತು. ಚಕ್ರ ನಿಲ್ಲಲಿಲ್ಲ, ಮರವನ್ನು ತಳ್ಳಿಕೊಂಡೇ ಹಿಂದಕ್ಕೆ ಬಂತು. ನಾನು ಬಲಗೈಯಿಂದ ಮರವನ್ನು ಒತ್ತಿ ಹಿಡಿದಿದ್ದೆ. ಮೊಣಕಾಲೂರಿ ಮರದ ಜೊತೆ ನಾನೂ ಹಿಂದಕ್ಕೆ ಜಾರುತ್ತಿದ್ದೆ. ಜೀಪಿನ ತೂಕಕ್ಕೂ ನನ್ನ ತೂಕಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಿಲ್ಲದ್ದಲ್ಲ. ನಾನು ಭೌತಶಾಸ್ತ್ರ ಓದಿದವಳು, ಅದನ್ನೇ ಕಲಿಸುವವಳು. ಆದರೂ ಬಿಡಲಿಲ್ಲ.

ಆಗ ಅಕ್ಕ ಸೀಟಿನಿಂದ ಮುಂದಕ್ಕೆ ಬಾಗಿ ಹೇಳಿದರು. ಕಿರುಚಲಿಲ್ಲ. ಒಲೆಯ ಹತ್ತಿರ ಹೋದ ಮಗುವಿಗೆ ಹೇಳುವ ಹಾಗೆ ಹೇಳಿದರು.

"ಕೈ ತೆಗೆ ಮಗಾ. ಕೈ."

ನಾನು ತೆಗೆದೆ.

ಮರ ಚಕ್ರದ ಅಡಿಗೆ ಹೋಗಿ ಪಕ್ಕಕ್ಕೆ ಸಿಡಿಯಿತು. ಜೀಪು ನನ್ನ ಮುಂದೆಯೇ ಎಡಕ್ಕೆ ಹೊರಳಿ ಇಳಿಜಾರಿಗೆ ಇಳಿಯಿತು. ಅಕ್ಕ ಕಂಬಿಯನ್ನು ಹಿಡಿದುಕೊಂಡೇ ನನ್ನಿಂದ ದೂರ ಹೋದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಒಂಥರಾ ಸಂಕೋಚ ಇತ್ತು, ನನಗೆ ತೊಂದರೆ ಕೊಟ್ಟೆನೆಂಬ ಹಾಗೆ. ಆಮೇಲೆ ಗೇರು ಮರಕ್ಕೆ ಜೀಪಿನ ಹಿಂಬದಿ ಬಡಿದ ಶಬ್ದ. ಆಮೇಲೆ ಏನೂ ಇಲ್ಲ. ಕಾಕ "ಯಾ ಅಲ್ಲಾಹ್" ಎನ್ನುತ್ತಾ ಇಳಿದು ಬಂದರು.

ಎಷ್ಟು ಹೊತ್ತು ಆದದ್ದು ಇದೆಲ್ಲ? ಒಂದು ಉಸಿರು ಎಳೆದು ಬಿಡುವಷ್ಟು. ಆದರೆ ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಇಳಿಜಾರಿನ ಚಿತ್ರ ಬಿಡಿಸಿದಾಗ, ಅಕ್ಕಿ ತೊಳೆಯುವಾಗ, ಹಲ್ಲುಜ್ಜುವಾಗ, ಆ ಉಸಿರು ಪುನಃ ಶುರುವಾಗುತ್ತದೆ. ಪ್ರತಿ ಸಲವೂ ನಾನು ಕೈ ತೆಗೆಯುತ್ತೇನೆ. ಪ್ರತಿ ಸಲವೂ ಜೀಪು ಹೋಗುತ್ತದೆ, ಗೇರು ಮರ ಇರುತ್ತದೋ ಇಲ್ಲವೋ ಎಂದು ಆ ಕ್ಷಣಕ್ಕೆ ನನಗೆ ಗೊತ್ತಿರುವುದಿಲ್ಲ.

ಅಕ್ಕನಿಗೆ ಹಣೆಯಲ್ಲಿ ಒಂದು ಬುಗುಟು, ಅಷ್ಟೇ. ನಾಲ್ಕು ಜನ ಅವರನ್ನು ಎತ್ತಿಕೊಂಡು ಏರು ಹತ್ತಿಸಿದರು. ಮೇಲೆ ರಬ್ಬರ್ ಶೀಟು ತುಂಬಿಕೊಂಡು ಬಂದ ಪಿಕಪ್ಪೊಂದು ನಿಂತು ಅವರನ್ನು ಹತ್ತಿಸಿಕೊಂಡಿತು. ಬೆಳಗಿನ ಸರದಿ ತಪ್ಪಿತ್ತು. ನರ್ಸ್ ಹೇಗೋ ಮಾಡಿ ಸಂಜೆಯ ಸರದಿಯಲ್ಲಿ ಸೇರಿಸಿದರು. ಊರಿನಲ್ಲಿ ಎಲ್ಲರದೂ ಒಂದೇ ಮಾತು: "ಏನೂ ಆಗ್ಲಿಲ್ಲ ಅಲ್ವಾ, ಸಾಕು." ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಒಬ್ಬರ ಪ್ರಾಣವೋ ಇನ್ನೊಬ್ಬರ ಕೈಯೋ ಎಂದು ಬೆಳಿಗ್ಗೆ ಆರೂಮುಕ್ಕಾಲಿಗೆ ಒಬ್ಬ ಕಾಯಿಲೆಯ ಹೆಂಗಸು ತೀರ್ಮಾನ ಮಾಡಬೇಕಾಯಿತು. ಅದು ಏನೂ ಅಲ್ಲವೇ?

ಈಗ ಬಸ್ಸಿನ ವಿಷಯ. ಇದರಲ್ಲಿ ನಾನು ತಪ್ಪಿಸಿಕೊಳ್ಳುವಂತಿಲ್ಲ.

ಎರಡು ವರ್ಷದ ಹಿಂದೆ ಅಂಗಡಿಯ ಎದುರಿನ ಬಸ್ ನಿಲ್ದಾಣದಲ್ಲಿ ಬಸ್ಸಿನ ಆಫೀಸಿನವರು ಒಂದು ನೋಟೀಸು ಅಂಟಿಸಿದರು. ಗಡಿಯ ಈಚೆ ಸರ್ಕಾರದ ಭಾಷೆ ಮಲಯಾಳ, ನೋಟೀಸೂ ಮಲಯಾಳದಲ್ಲಿ ಮಾತ್ರ. ಇಲ್ಲಿಯ ಹಿರಿಯರೆಲ್ಲ ಕನ್ನಡ ಶಾಲೆಯಲ್ಲಿ ಕಲಿತವರು, ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅಂಟಿಸಿದವನಿಗೂ ಅದು ಗೊತ್ತಿತ್ತು, ಅಂಟಿಸಲು ಹೇಳಿದವನಿಗೂ ಗೊತ್ತಿತ್ತು. ನಾನು ಕಾಲೇಜಿನಲ್ಲಿ ಓದಲು ಕಲಿತಿದ್ದೆ. ಅಂಗಡಿಯ ಜಗಲಿಯಲ್ಲಿ ಕೂತವರು ನನ್ನನ್ನು ಕರೆದರು. "ಟೀಚರೇ, ಇದೆಂತ ನೋಡಿ." ಮುಂದಿನ ವಾರ ಮೂರು ದಿನ ಬೆಳಗಿನ ಬಸ್ಸಿನಲ್ಲಿ ಪ್ರಯಾಣಿಕರನ್ನು ಎಣಿಸುತ್ತಾರೆ ಎಂದಿತ್ತು. ಯಾಕೆ ಎಂದು ಇರಲಿಲ್ಲ.

ಯಾಕೆ ಎಂಬುದನ್ನು ನಾನು ಸೇರಿಸಿದೆ.

ಅದರ ಹಿಂದಿನ ತಿಂಗಳಷ್ಟೇ ಚೆಕಿಂಗಿನವರು ದಾರಿಯಲ್ಲಿ ಬಸ್ಸನ್ನು ತಡೆದು, ಜನ ಹೆಚ್ಚಾಗಿದ್ದಾರೆಂದು ಡ್ರೈವರಿಗೆ ಎಲ್ಲರ ಎದುರು ಬೈದಿದ್ದರು. ಆ ಡ್ರೈವರು ಒಳ್ಳೆಯ ಮನುಷ್ಯ. ಅಕ್ಕ ನಿಧಾನವಾಗಿ ಬರುವುದು ಕಂಡರೆ ಎಂಜಿನ್ ಆರಿಸಿ ಕಾಯುತ್ತಿದ್ದರು. ನಾನು ಹೇಳಿದೆ: "ಓವರ್‌ಲೋಡ್ ಹಿಡಿಯಲಿಕ್ಕೆ ಬರುವುದು. ಡ್ರೈವರ್ ಕೆಲಸಕ್ಕೆ ಕುತ್ತು."

ಜಗಲಿಯ ಮೇಲೆ ಅಲ್ಲೇ ತೀರ್ಮಾನ ಆಯಿತು. ಅಂಗಡಿಯವರು, "ನಮ್ಮಿಂದಾಗಿ ಅವರ ಅನ್ನ ಹೋಗುವುದು ಬೇಡ, ನಡೆಯುವ" ಎಂದರು. ಎಲ್ಲರೂ ತಲೆಯಾಡಿಸಿದರು. ಆ ಮೂರು ದಿನ, ನಡೆಯಲು ಸಾಧ್ಯ ಇರುವ ಒಬ್ಬರೂ ಬಸ್ಸು ಹತ್ತಬಾರದು. ಅರ್ಧ ಗಂಟೆ ಮೊದಲೇ ಹೊರಟು ಗುಡ್ಡೆ ಹತ್ತುವುದು, ಮುಖ್ಯ ರಸ್ತೆಯಲ್ಲಿ ಬೇರೆ ಬಸ್ಸು ಹಿಡಿಯುವುದು.

ನಾವು ನಡೆದೆವು. ಸಾಲಾಗಿ, ಬುತ್ತಿ ಚೀಲ ಹಿಡಿದುಕೊಂಡು, ಪಿಕ್‌ನಿಕ್ಕಿಗೆ ಹೊರಟವರ ಹಾಗೆ. ಬಸ್ಸು ಏರಿನಲ್ಲಿ ನಮ್ಮನ್ನು ದಾಟುವಾಗ ಡ್ರೈವರು ನಿಧಾನ ಮಾಡಿ ಹಾರನ್ ಹೊಡೆದರು, ಹತ್ತಿ ಹತ್ತಿ ಎಂದು ಕೈ ಮಾಡಿದರು. ಅವರ ಪಕ್ಕದಲ್ಲಿ ಕಾಗದ ಹಿಡಿದ ಒಬ್ಬ ಕೂತಿದ್ದ. ನಾವು ಹೋಗಿ ಹೋಗಿ ಎಂದು ಕೈ ಬೀಸಿದೆವು. ಎರಡನೆಯ ದಿನ ಅವರು ಪೂರ್ತಿ ನಿಲ್ಲಿಸಿಯೇ ಬಿಟ್ಟರು. ಅವರ ಕಣ್ಣಲ್ಲಿ ಏನೋ ಬೇಡಿಕೆ ಇತ್ತು, ಪಕ್ಕದಲ್ಲಿ ಕೂತವನ ಎದುರು ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಾನೇ ಮುಂದೆ ಹೋಗಿ ಬಸ್ಸಿನ ಬದಿಗೆ ತಟ್ಟಿ, "ರೈಟ್, ರೈಟ್" ಎಂದೆ. ಎಲ್ಲರೂ ನಕ್ಕರು. ನಮ್ಮ ಒಳ್ಳೆಯತನದ ಮೇಲೆ ನಮಗೆ ಅಷ್ಟು ಸಂತೋಷ.

ಒಂದೂವರೆ ತಿಂಗಳಲ್ಲಿ ಬಸ್ಸು ನಿಂತಿತು. ಜನ ಸಾಲದು ಎಂದರು.

ಜೀಪು ಜಾರಿದ ಮೂರನೆಯ ದಿನ, ಗುರುವಾರ, ರಜೆ ಹಾಕಿ ನಾನು ಬಸ್ಸಿನ ಆಫೀಸಿಗೆ ಹೋದೆ. ಈ ಎರಡು ವರ್ಷದಲ್ಲಿ ಊರಿನವರು ಎರಡು ಸಲ ಅರ್ಜಿ ಕೊಟ್ಟಿದ್ದರು. ಎರಡಕ್ಕೂ ಸಹಿ ಹಾಕಿದ್ದೆ, ನಾನಾಗಿ ಹೋಗಿ ಮಾತಾಡಿರಲಿಲ್ಲ. ಅಲ್ಲಿದ್ದ ಅಧಿಕಾರಿ ಮರ್ಯಾದೆಯಿಂದಲೇ ಕುರ್ಚಿ ಕೊಟ್ಟರು, ಫೈಲು ತೆಗೆಸಿದರು. ಮಾತೆಲ್ಲ ಮಲಯಾಳದಲ್ಲಿ.

"ಟೀಚರ್, ಮೂರು ದಿನ ಸೇರಿ ಹನ್ನೊಂದೇ ಜನ. ಹನ್ನೊಂದು ಜನಕ್ಕೆ ಬಸ್ಸು ಬಿಡಲು ಆಗುತ್ತದಾ, ನೀವೇ ಹೇಳಿ."

"ಆ ಹನ್ನೊಂದು ಜನ ಯಾರು ಎಂದು ಬರೆದಿದೆಯಾ?"

"ಹೆಸರು ಬರೆಯುವ ಕ್ರಮ ಇಲ್ಲ."

"ನಾನು ಹೇಳುತ್ತೇನೆ. ಒಬ್ಬರು ಕಿಡ್ನಿ ಕಾಯಿಲೆಯವರು. ಒಬ್ಬರು ಪೋಲಿಯೋ ಆದ ಟೈಲರ್. ಒಬ್ಬಳು ಹದಿನೈದು ದಿನದ ಬಾಣಂತಿ. ಉಳಿದವರು ಮುದುಕರು. ನೀವು ಎಣಿಸಿದ್ದು ನಮ್ಮ ಊರಿನಲ್ಲಿ ನಡೆಯಲು ಆಗದವರನ್ನು ಮಾತ್ರ. ನಡೆಯಲು ಆಗದವರು ಹನ್ನೊಂದು ಜನ ಇದ್ದಾರೆ ಎಂದು ಗೊತ್ತಾದ ಮೇಲೆ ನೀವು ಬಸ್ಸು ನಿಲ್ಲಿಸಿದಿರಿ."

ಅವರು ಫೈಲಿನ ಹಾಳೆಯನ್ನು ಸುಮ್ಮನೆ ತಿರುವಿದರು. "ಉಳಿದವರು ಯಾಕೆ ಹತ್ತಲಿಲ್ಲ?"

ನಾನು ಹೇಳಿದೆ. ಡ್ರೈವರಿಗಾಗಿ ನಡೆದದ್ದು, ನೋಟೀಸನ್ನು ನಾನು ಓದಿ ಹೇಳಿದ ರೀತಿ, ಎಲ್ಲವನ್ನೂ. ಅವರು ಫೈಲಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. ಹೀಗೂ ಜನ ಇರುತ್ತಾರಾ ಎಂಬ ನೋಟ.

"ಹಾಗಾದರೆ ಪುನಃ ಎಣಿಸಿ" ಎಂದೆ.

"ಎಣಿಸಬೇಕಾದರೆ ಬಸ್ಸು ಓಡಬೇಕಲ್ಲ ಟೀಚರ್."

"ಓಡಿಸಿ."

"ಓಡಿಸಬೇಕಾದರೆ ಜನ ಇದ್ದಾರೆ ಎಂದು ಎಣಿಕೆ ಬೇಕು."

ಹೇಳಿದ ಮೇಲೆ ಅವರಿಗೇ ನಗು ಬಂತು. ನನಗೆ ಬರಲಿಲ್ಲ. ಜೀಪಿನಲ್ಲಿ ಹೋಗುವವರನ್ನು ಎಣಿಸಿ ಎಂದೆ. ಜೀಪಿನಲ್ಲಿ ಅಷ್ಟು ಜನ ಹೋಗುವುದೇ ಅಪರಾಧ, ಅದನ್ನು ಕಾಗದದಲ್ಲಿ ಬರೆದರೆ ಜೀಪಿನವರ ಮೇಲೆ ಕೇಸಾಗುತ್ತದೆ ಎಂದರು. ಮತ್ತೆ ಅದೇ! ಒಬ್ಬ ಡ್ರೈವರನ್ನು ಉಳಿಸಲು ನಾವು ಲೆಕ್ಕದಿಂದ ಮಾಯವಾದೆವು. ಈಗ ಲೆಕ್ಕಕ್ಕೆ ಬರಬೇಕಾದರೆ ಇನ್ನೊಬ್ಬ ಡ್ರೈವರನ್ನು ಹಿಡಿದು ಕೊಡಬೇಕು. ನಾನು ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ದನಿ ಜೋರಾಗಿತ್ತು, ಪಕ್ಕದ ಕೋಣೆಯಿಂದ ಇಬ್ಬರು ಇಣುಕಿ ನೋಡಿದರು. ಮೇಜಿನ ಮೇಲೆ ಇಟ್ಟ ನನ್ನ ಬಲಗೈಯನ್ನು ನೋಡಿದ್ದು ನೆನಪಿದೆ. ಬೆರಳುಗಳೆಲ್ಲ ಸರಿಯಾಗಿದ್ದವು. ಐದೂ.

ಕೊನೆಗೆ ಅವರು ಒಂದು ಅರ್ಜಿ ತೆಗೆದುಕೊಂಡು ಮೊಹರು ಒತ್ತಿ ಕೊಟ್ಟರು. ದಾರಿ ಬಸ್ಸಿಗೆ ಯೋಗ್ಯವಾಗಿದೆ ಎಂದು ಪಂಚಾಯತಿನಿಂದ ಕಾಗದ ತನ್ನಿ, ಆಮೇಲೆ ನೋಡುವ ಎಂದರು. ಪಂಚಾಯತಿನವರು ಬಸ್ಸು ಬಂದ ಮೇಲೆ ದಾರಿ ನೋಡುವ ಎನ್ನುತ್ತಾರೆ. ಇವರಿಬ್ಬರ ನಡುವೆ ಇರುವುದು ಆ ಎರಡನೆಯ ತಿರುವು, ಅಲ್ಲಿಯ ಜಲ್ಲಿ, ಮತ್ತು ಶುಕ್ರವಾರ ಬೆಳಿಗ್ಗೆ.

ಸಂಜೆ ಮನೆಗೆ ಬಂದವಳೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದೆ. ಎರಡು ವರ್ಷದ ಹಿಂದಿನ ನೋಟೀಸನ್ನು ನಾನು ತಪ್ಪಾಗಿ ತಿಳಿಸಿದೆ, ಆ ಎಣಿಕೆ ಬಸ್ಸು ಬೇಕೋ ಬೇಡವೋ ಎಂದು ನೋಡಲು ಮಾಡಿದ್ದು, ಇನ್ನು ಮುಂದೆ ಯಾರಾದರೂ ಎಣಿಸಲು ಬಂದರೆ ಒಬ್ಬರೂ ಮನೆಯಲ್ಲಿ ಉಳಿಯಬೇಡಿ. ಹಳೆಯ ನಿಲ್ದಾಣದ ಗೋಡೆಗೆ ಅಂಟಿಸಿದೆ. ಅಂಗಡಿಯವರು ಬಂದು ಓದಿದರು.

"ಇದು ಬೇಡ ಟೀಚರ್, ತೆಗೀರಿ. ನೀವು ಓದಿ ಹೇಳಿದ್ದು ಮಾತ್ರ. ನಡೀಬೇಕು ಅಂತ ಹೇಳಿದ್ದು ನಾನು."

"ಹಾಗಾದರೆ ನಿಮ್ಮದನ್ನು ಕೆಳಗೆ ಬರೆಯಿರಿ" ಎಂದೆ. ಸಿಟ್ಟಿನಲ್ಲೇ ಹೇಳಿದ್ದು. ಅವರು ಕಿವಿಯ ಮೇಲಿನ ಪೆನ್ನು ತೆಗೆದು ನಿಜವಾಗಿಯೂ ಬರೆದರು.

ಶುಕ್ರವಾರ ಆರೂವರೆಗೆ ಜೀಪು ಬಂತು. ಹಿಂಬದಿಯ ತಗಡು ಒಳಕ್ಕೆ ಬಾಗಿತ್ತು. ಗಿಯರ್ ಸರಿ ಮಾಡಿಸಿದ್ದೇನೆ ಎಂದರು ಕಾಕ. ಆದರೆ ಏರಿನ ಬುಡದಲ್ಲಿ ನಿಲ್ಲಿಸಿದಾಗ ಅವರು ಆ ದಿನ ಹಿಂದಕ್ಕೆ ತಿರುಗಿದರು.

"ಅಕ್ಕ, ನೀವೂ ಇಳೀಬೇಕು."

"ನಂಗೆ ಆಗ್ಲಿಕ್ಕಿಲ್ಲ ಅಂತ ಗೊತ್ತುಂಟಲ್ಲ ನಿಮ್ಗೆ."

"ಗೊತ್ತುಂಟು. ನಿಮ್ಮನ್ನು ಕೂರಿಸಿಕೊಂಡು ನಾನು ಇದನ್ನು ಹತ್ತುವುದಿಲ್ಲ. ನನ್ನ ಹೆಂಡತಿ ಕುರಾನಿನ ಮೇಲೆ ಆಣೆ ಹಾಕಿಸಿದ್ದಾಳೆ. ಅವಳು ಹಾಕಿಸದಿದ್ರೂ ಹತ್ತುವುದಿಲ್ಲ."

ಅಂಗಡಿಯವರು ಅಂಗಡಿಯಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಇಟ್ಟುಕೊಂಡು ಬಂದಿದ್ದರು, ಎರಡು ಬಿದಿರು ಮತ್ತು ಹಗ್ಗ ಕೂಡ. ಹಿಂದಿನ ರಾತ್ರಿಯೇ ಕಾಕ ಹೇಳಿದ್ದರಂತೆ. ಕುರ್ಚಿಗೆ ಬಿದಿರು ಕಟ್ಟಿದರು. ಅಕ್ಕ ಕುರ್ಚಿಯನ್ನು ನೋಡಿದರು. ಅವರ ಕಣ್ಣು ತುಂಬಿತ್ತೋ ಸಿಟ್ಟು ಬಂದಿತ್ತೋ, ನನಗೆ ಗೊತ್ತಾಗಲಿಲ್ಲ. ಮನುಷ್ಯರ ಹೆಗಲ ಮೇಲೆ ಹೋಗುವುದು ಯಾವಾಗ ಎಂದು ನಮಗೆಲ್ಲರಿಗೂ ಗೊತ್ತು. ಅದನ್ನು ಅಕ್ಕನೇ ಹೇಳಿದರು.

"ಈಗ್ಲೇ ಅಭ್ಯಾಸ ಮಾಡ್ತಾ ಇದ್ದೀರಾ ಎಂತ?"

"ಸುಮ್ಮನೆ ಕೂತ್ಕೊಳ್ಳಿ ಅಕ್ಕ" ಎಂದರು ಅಂಗಡಿಯವರು. ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿದರು.

ಜೀಪು ಮೊದಲು ಹೋಯಿತು. ಈ ಸಲ ಎರಡೂ ಹಿಂಚಕ್ರಗಳ ಪಕ್ಕ ಒಬ್ಬೊಬ್ಬರು, ಕೈಯಲ್ಲಿ ದೊಡ್ಡ ಕರಿಕಲ್ಲು. ಹಲಸಿನ ಮರದ ತುಂಡಿನ ಬದಲು ಇನ್ನು ಕಲ್ಲು ಎಂದಿದ್ದರು ಕಾಕ. ಆ ತುಂಡು ಸೀಟಿನ ಅಡಿಯಲ್ಲೇ ಇತ್ತು. ಅದರ ಓರೆಯ ಮೇಲೆ ಟಯರಿನ ಗುರುತು. ಜೀಪು ಹೊರಡುವ ಮೊದಲು ಎಸೆಯಲೆಂದು ಅದನ್ನು ನಾನು ಹೊರಗೆ ತೆಗೆದಿದ್ದೆ.

"ಎಲ್ಲಿಗೆ ಅದು? ಕೊಡು ಇಲ್ಲಿ" ಎಂದರು ಅಕ್ಕ ಕುರ್ಚಿಯಲ್ಲಿ ಕೂತು.

"ಯಾಕೆ ಅಕ್ಕ?"

"ಮೇಲೆ ಹೋಗಿ ಕೊನೆಗೆ ಹತ್ತುವುದು ಯಾರು ಇವತ್ತು? ನಾನಲ್ವಾ? ಮತ್ತೆ ಮರ ನಂದೇ."

ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡರು. ನಾಲ್ಕು ಜನ ಎತ್ತಿದರು. ನಾನು ಪಕ್ಕದಲ್ಲಿ ಅವರ ಆಸ್ಪತ್ರೆಯ ಚೀಲ ಹಿಡಿದು ನಡೆದೆ. ಎರಡನೆಯ ತಿರುವಿನಲ್ಲಿ ಹೊತ್ತವರ ಕಾಲು ಜಲ್ಲಿಯಲ್ಲಿ ಜಾರಿತು, ಕುರ್ಚಿ ಓರೆಯಾಯಿತು. ನಾನು ಕೂಡಲೇ ಕುರ್ಚಿಯ ಕೈ ಹಿಡಿದೆ. ಅಕ್ಕ ನನ್ನ ಕೈಯನ್ನೇ ನೋಡಿದರು. ಈ ಸಲ ತೆಗೆ ಎನ್ನಲಿಲ್ಲ. ಗೇರು ಮರದ ತೊಗಟೆ ಕಿತ್ತುಹೋಗಿ ಒಳಗಿನ ಬಿಳಿ ಕಾಣುತ್ತಿತ್ತು. ನಾವಿಬ್ಬರೂ ಆ ಕಡೆ ನೋಡಲಿಲ್ಲ.

ಮೇಲೆ ತಲುಪಿದಾಗ ಹೊತ್ತವರು ಬೆವರಿನಲ್ಲಿ ಒದ್ದೆಯಾಗಿದ್ದರು. ಅವರಲ್ಲಿ ಇಬ್ಬರು ಆ ದಿನ ಕೆಲಸಕ್ಕೆ ತಡವಾಗಿ ಹೋದರು, ಒಬ್ಬರು ಹೋಗಲೇ ಇಲ್ಲ. ಮಂಗಳವಾರ ಯಾರು, ಶುಕ್ರವಾರ ಯಾರು ಎಂದು ಅಲ್ಲೇ ಹಂಚಿಕೊಂಡರು. ನಗುತ್ತಾ ಹಂಚಿಕೊಂಡರು, ಆ ಮೂರು ದಿನ ನಡೆದಾಗ ನಕ್ಕ ಹಾಗೆಯೇ. "ನಿಲ್ಲಿಸಿ, ಇದನ್ನೂ ಅಭ್ಯಾಸ ಮಾಡಿಕೊಂಡುಬಿಡಬೇಡಿ" ಎಂದು ಕೂಗಿದೆ. ಅಂಗಡಿಯವರು ನೆಲ ನೋಡುತ್ತಾ, "ಅಭ್ಯಾಸ ಅಲ್ಲ ಟೀಚರ್, ಮಂಗಳವಾರ ಉಂಟಲ್ಲ" ಎಂದರು.

ಅಕ್ಕನನ್ನು ಜೀಪಿಗೆ ಹತ್ತಿಸಿದೆವು, ಎಲ್ಲರಿಗಿಂತ ಕೊನೆಗೆ. ಅವರು ಮರದ ತುಂಡನ್ನು ಕಾಲಿನ ಬಳಿ ಇಟ್ಟುಕೊಂಡರು.

"ಎಷ್ಟಾಯ್ತು ಗಂಟೆ?"

"ಏಳೂ ಇಪ್ಪತ್ತು."

"ಏಳೂವರೆದು ಬಸ್ಸು ಸಿಗ್ತದೆ" ಎಂದರು ಅಕ್ಕ. "ನಡೀರಿ ಕಾಕ."